ಎಂಜಿನ್ ನಡುವೆ ಇದ್ದರೇನೇ ಕಾರಿನ ಹಿಡಿತ ಚೆನ್ನಾಗಿರುತ್ತದೆಯೇ?

ಪರ

ತಿರುವಿನಲ್ಲಿ ಕಾರು ಮಾತು ಕೇಳಬೇಕು ಅಂದರೆ ಭಾರ ನಡುವೆಯೇ ಇರಬೇಕು. ಸೈಕಲ್ ಕ್ಯಾರಿಯರ್ ಮೇಲೆ ಜೋಳದ ಚೀಲ ಕಟ್ಟಿಕೊಂಡು ಕಲಬುರಗಿ ಸೂಪರ್ ಮಾರ್ಕೆಟ್ ಗಲ್ಲಿಯಲ್ಲಿ ತಿರುಗಿಸಿ. ಅದೇ ಚೀಲವನ್ನು ಸೀಟಿನ ಮುಂದಿನ ದಂಡದ ಮೇಲಿಟ್ಟು ತಿರುಗಿಸಿ. ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ಸೀಟಿನ ಹಿಂದೆ, ಹಿಂದಿನ ಆಕ್ಸಲ್‌ಗಿಂತ ಮುಂದೆ ಎಂಜಿನ್ ಕೂಡಿಸಿದಾಗ ಆಗುವುದೂ ಇದೇ. ಇಂಥ ಕಾರಿಗೇ ಮಿಡ್-ಎಂಜಿನ್ ಕಾರು ಅನ್ನುತ್ತಾರೆ.

ರೇಸಿನಲ್ಲಿ ಈ ಜಗಳ ಎಂದೋ ಮುಗಿದಿದೆ. 1959ರಲ್ಲಿ ಜಾಕ್ ಬ್ರಾಬಮ್ ಇಂಥದೇ ಕೂಪರ್ ಕಾರಿನಲ್ಲಿ ಫಾರ್ಮುಲಾ ಒನ್ ಚಾಂಪಿಯನ್ ಆದರು. ಎಂಜಿನ್ ಮುಂದೆಯೇ ಇರಬೇಕು ಎಂದು ಹಟ ಹಿಡಿದಿದ್ದ ಎಂಜೋ ಫೆರಾರಿಯೂ ಕೊನೆಗೆ ಒಪ್ಪಿದರು. 1961ರಲ್ಲಿ ಅವರ ಮಿಡ್-ಎಂಜಿನ್ ಕಾರಿನಲ್ಲೇ ಫಿಲ್ ಹಿಲ್ ಚಾಂಪಿಯನ್ ಆದರು.

ಮಿಡ್-ಎಂಜಿನ್ ರಸ್ತೆ ಕಾರು ಅಂದರೆ ಎಲ್ಲರೂ 1966ರ ಲ್ಯಾಂಬೋರ್ಗಿನಿ ಮಿಯುರಾ ಹೆಸರು ಹೇಳುತ್ತಾರೆ. ನೋಡಲು ಅದಕ್ಕೆ ಸಾಟಿಯಿಲ್ಲ. ಆದರೆ ಅದರ ಪೆಟ್ರೋಲ್ ಟ್ಯಾಂಕ್ ಮೂತಿಯಲ್ಲಿದೆ. ಪೆಟ್ರೋಲ್ ಕಮ್ಮಿಯಾದಷ್ಟೂ ಮೂತಿ ಹಗುರ, ಜೋರಾಗಿ ಹೋದರೆ ಇನ್ನೂ ಹಗುರ. 1972ರ ಪುಟ್ಟ ಫಿಯಟ್ ಎಕ್ಸ್1/9ರಲ್ಲಿ ಟ್ಯಾಂಕ್, ಸ್ಟೆಪ್ನಿ ಎರಡೂ ಸೀಟಿನ ಹಿಂದೆ, ಎಂಜಿನ್‌ಗೆ ಒತ್ತಿಕೊಂಡೇ ಇವೆ. ಎಂಜಿನ್ ಸಾಮಾನ್ಯ ಫಿಯಟ್ 128ರದ್ದು. ಆದರೂ ಹಿಡಿತದಲ್ಲಿ ನನ್ನ ಓಟು ಈ ಪುಟ್ಟದಕ್ಕೇ.

ನಮ್ಮ ಕಾಕಾನ ಮಗ ಶಾರ್ಜಾದಲ್ಲಿದ್ದಾನೆ. ಅವನ ಹತ್ತಿರ ಮೊದಲ ತಲೆಮಾರಿನ ಟೊಯೋಟಾ ಎಂಆರ್2 ಇದೆ, 1984ರಲ್ಲಿ ಬಂದ ಮಾಡೆಲ್. ಫುಜೈರಾ ಕಡೆಯ ಬೆಟ್ಟದ ರಸ್ತೆಯಲ್ಲಿ ಅವನ ಪಕ್ಕ ಕೂತಿದ್ದೆ. ತಿರುವಿನ ಮೇಲೆ ತಿರುವು. ನಾನು ಅವನ ಕೈಗಳನ್ನೇ ನೋಡುತ್ತಿದ್ದೆ. ಸ್ಟೇರಿಂಗ್ ಒಂಚೂರು ಅಲುಗಿದರೆ ಸಾಕು, ಮೂತಿ ಆಗಲೇ ತಿರುಗಿರುತ್ತಿತ್ತು. ಪವರ್ ಸ್ಟೇರಿಂಗ್ ಇಲ್ಲ. ಮುಂದೆ ಭಾರವೇ ಇಲ್ಲದ ಮೇಲೆ ಅದು ಬೇಕೂ ಇಲ್ಲ, ಅಲ್ವಾ? ಇಳಿದ ಮೇಲೂ ಬಹಳ ಹೊತ್ತು ಬರೀ ಅದರದ್ದೇ ಮಾತಾಡಿದೆವು. ಊರಿಗೆ ಬಂದು ನಮ್ಮ ಮನೆ ಕಾರಿನಲ್ಲಿ ಹುಮನಾಬಾದ್‌ಗೆ ಹೋದಾಗ ಪ್ರತಿ ತಿರುವಿನಲ್ಲೂ ಮೂತಿ ಹೊರಕ್ಕೆ ಎಳೆಯುವುದು ಗೊತ್ತಾಯಿತು. ಮೊದಲು ಅದು ಗೊತ್ತೇ ಆಗುತ್ತಿರಲಿಲ್ಲ.

ವಿರೋಧ

ವಿರೋಧ ಬರೆಯಿರಿ ಅಂದರು, ಒಪ್ಪಿಕೊಂಡೆ. ಮಿಡ್-ಎಂಜಿನ್ ಕಾರುಗಳ ಮೇಲೆ ನನಗೂ ಪ್ರೀತಿಯಿದೆ. ಆದರೆ ಬೇಗ ತಿರುಗುವ ಕಾರು ಬೇಗ ಗಿರಕಿಯನ್ನೂ ಹೊಡೆಯುತ್ತದೆ. ತಿರುವಿನ ನಡುವೆ ಹೆದರಿ ಆಕ್ಸಿಲರೇಟರ್ ಬಿಟ್ಟರೆ ಭಾರ ಮುಂದಕ್ಕೆ ಸರಿಯುತ್ತದೆ, ಹಿಂದಿನ ಟಯರ್ ಹಿಡಿತ ಬಿಡುತ್ತದೆ. 1989ರ ಎರಡನೇ ಎಂಆರ್2 ಇದಕ್ಕೇ ಹೆಸರಾಯಿತು. ಆಮೇಲೆ ಟೊಯೋಟಾ ಸಸ್ಪೆನ್ಷನ್ ಬದಲಾಯಿಸಿತು.

ಫಾರ್ಮುಲಾ ಒನ್ ಮಾತು ಇಲ್ಲಿ ಯಾಕೆ? ಅದು ಗುಡಿಸಿದ ಟ್ರ್ಯಾಕ್, ಪಳಗಿದ ಕೈ. ನಮ್ಮ ಜೇವರ್ಗಿ ರಸ್ತೆಗೆ ಮಳೆಗಾಲದಲ್ಲಿ ತೊಗರಿ ಹೊಲದಿಂದ ಟ್ರ್ಯಾಕ್ಟರ್ ಚಕ್ರದ ಜೊತೆ ಎರೆಮಣ್ಣು ಹತ್ತಿ ಬರುತ್ತದೆ. ನಮ್ಮ ಮನೆಯ ಹಳೆಯ ವ್ಯಾನಿನಲ್ಲೂ ಎಂಜಿನ್ ಮೂತಿಯಲ್ಲಿರದೆ ಮುಂದಿನ ಸೀಟಿನ ಕೆಳಗೇ ಇತ್ತು. ಹಿಂದೆ ಖಾಲಿ. ಆ ಮಣ್ಣಿನ ಮೇಲೆ ಅಣ್ಣ ಬ್ರೇಕ್ ಒತ್ತಿದ, ವ್ಯಾನಿನ ಹಿಂಭಾಗ ಅಡ್ಡ ಬಂದು ನಿಂತಿತು. ಎದುರಿಗೆ ಬಸ್ ಇರಲಿಲ್ಲ, ಉಳಿದೆವು. ಎಂಜಿನ್ ಎಲ್ಲಿದೆ ಅನ್ನುವುದೊಂದೇ ಸಾಲದು.

ಅದೇ 1989ರಲ್ಲಿ ಬಂದ ಮಜ್ದಾ ಎಂಎಕ್ಸ್-5 ನೋಡಿ. ಎಂಜಿನ್ ಮುಂದೆಯೇ, ಆದರೆ ಮುಂದಿನ ಆಕ್ಸಲ್‌ನ ಹಿಂದಕ್ಕೆ ಸರಿಸಿದ್ದಾರೆ. ಭಾರ ಹಿಂದೆ ಮುಂದೆ ಹೆಚ್ಚುಕಮ್ಮಿ ಸಮ. ಜಾರುವ ಮೊದಲು ಸುಳಿವು ಕೊಡುತ್ತದೆ. ಬಾನೆಟ್ ಎತ್ತಿದರೆ ಎಂಜಿನ್ ಕೈಗೆ ಸಿಗುತ್ತದೆ. ದಿನಾ ಓಡಿಸಲು ಹಳೆಯ ಸ್ಪೋರ್ಟ್ಸ್ ಕಾರು ಒಂದನ್ನು ಆರಿಸು ಅಂದರೆ ನಾನು ಕೇಳುವುದು ಇದರ ಕೀಲಿಯನ್ನೇ.