ಅಂಕಲ್, ಪಾಪೂಗೆ ಬಿಡಿ!

ಈ ಸಲ ರಜೆಗೆ ಬಂದಾಗ ಬೆಂಗಳೂರಿನ ಒಂದು ಮಾಲ್‌ನಲ್ಲಿ ಡ್ಯಾನ್ಸ್ ಮಷೀನ್ ಕಂಡಿತು. ಕಾರ್ಡ್‌ಗೆ ದುಡ್ಡು ಹಾಕಿಸಿ ಹತ್ತಿದೆ. ಹಾಡು ಶುರುವಾಗಿತ್ತು ಅಷ್ಟೆ. "ಅಂಕಲ್, ಪಾಪು ಆಗ್ಲಿಂದ ಕಾಯ್ತಿದೆ, ಸ್ವಲ್ಪ ಬಿಡ್ತೀರಾ?" ಎಂದರು ಒಬ್ಬ ತಾಯಿ. ಅಂಕಲ್ ಅಂದಿದ್ದಕ್ಕೆ ಬೇಜಾರಿಲ್ಲ, ವಯಸ್ಸಾಗಿದೆ. ಆದರೆ ಸುತ್ತ ನಿಂತವರೆಲ್ಲ 'ಹೌದಲ್ವಾ' ಅನ್ನುವ ಹಾಗೆ ನನ್ನನ್ನೇ ನೋಡಿದರು. ಅದು ಚುಚ್ಚಿತು. ಇಳಿದುಬಿಟ್ಟೆ.

ನಾನಿರುವುದು ಟೋಕಿಯೊದಲ್ಲಿ. ಆಫೀಸ್ ಮುಗಿಸಿ ಸ್ಟೇಷನ್ ಹತ್ತಿರದ ಗೇಮ್ ಸೆಂಟರ್‌ಗೆ ಹೋಗುವ ಚಟ ನನಗಿದೆ. ಅಲ್ಲಿನ ಡ್ಯಾನ್ಸ್ ಮಷೀನ್, ಕೊನಾಮಿ ಕಂಪನಿಯ 'ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್', ಜಪಾನಿನಲ್ಲಿ ಬಂದದ್ದು 1998ರಲ್ಲಿ. ಪರದೆಯ ಮೇಲೆ ಬಾಣಗಳು ಮೇಲಕ್ಕೇರುತ್ತಾ ಬರುತ್ತವೆ. ತಾಳ ತಪ್ಪದೆ ಕಾಲಡಿಯ ನಾಲ್ಕು ಬಾಣಗಳನ್ನು ತುಳಿಯಬೇಕು. ಆಗ ಹೈಸ್ಕೂಲಿನಲ್ಲಿದ್ದವರಿಗೆ ಈಗ ನಲವತ್ತು ದಾಟಿದೆ, ಕೆಲವರು ಇನ್ನೂ ಬಿಟ್ಟಿಲ್ಲ. ಟೈ ಬಿಚ್ಚಿ, ಕತ್ತಿಗೆ ಟವೆಲ್ ಹಾಕಿಕೊಂಡು, 100 ಯೆನ್ ನಾಣ್ಯ ಹಾಕಿ ಕುಣಿಯುತ್ತಾರೆ. ಆಟ ಮುಗಿದರೆ ಇಳಿದು ಮತ್ತೆ ಸಾಲಿನ ಕೊನೆಗೆ. ಹಿಂದೆ ನಿಂತವನು ಹುಡುಗನೋ ಮುದುಕನೋ, ಯಾರಿಗೂ ಬೇಕಿಲ್ಲ. ರಾತ್ರಿ 10 ಗಂಟೆ ಮೇಲಂತೂ 18 ವರ್ಷದೊಳಗಿನವರು ಒಳಗಿರುವ ಹಾಗೇ ಇಲ್ಲ. ಅದು ಕಾನೂನು. ಅಲ್ಲಿಂದಾಚೆ ಆಟವೆಲ್ಲ ದೊಡ್ಡವರದ್ದೇ!

ನಮ್ಮಲ್ಲಿ ದೊಡ್ಡವರ ಕೆಲಸ ಬ್ಯಾಗ್ ಹಿಡಿದು ನಿಲ್ಲುವುದು, ಮಗುವಿನ ವಿಡಿಯೊ ಮಾಡುವುದು. ಜಿಮ್‌ನಲ್ಲಿ ಬೆವರಿದರೆ ಶಭಾಷ್, ಇಲ್ಲಿ ಬೆವರಿದರೆ ಹುಚ್ಚು. ಮಕ್ಕಳ ಆಟ ತಾನೇ ಎಂಬ ಧೋರಣೆ ಮಷೀನನ್ನೂ ಬಿಟ್ಟಿಲ್ಲ. ಆ ಮಾಲ್‌ನಲ್ಲಿ ನಾನು ಹತ್ತಿದ್ದ ಆ ಸ್ವಲ್ಪ ಹೊತ್ತಿನಲ್ಲೂ ಬಲಗಡೆಯ ಬಾಣ ಎಷ್ಟು ತುಳಿದರೂ ಕೆಲಸ ಮಾಡುತ್ತಿರಲಿಲ್ಲ. ಹೇಳಿದರೆ, "ಜೋರಾಗಿ ತುಳೀರಿ ಸಾರ್, ತಗೊಳ್ಳುತ್ತೆ" ಎಂದ ಅಲ್ಲಿನ ಹುಡುಗ. ತಾಳ ಹಿಡಿಯುವ ಆಟದಲ್ಲಿ ಜೋರಾಗಿ ತುಳಿದು ಏನು ಮಾಡಲಿ?

ಮನೆಗೆ ಬಂದು ಅಕ್ಕನ ಮುಂದೆ ಕೂಗಾಡಿದೆ. "ನಿಂಗ್ಯಾಕೋ ಅದೆಲ್ಲ, ಮಗಳನ್ನ ಆಡಿಸು ಸಾಕು" ಎಂದಳು. ಆಮೇಲೆ, "ಗಣೇಶನ್ನ ಬಿಡೋವಾಗ ನಿಮ್ಮ ಭಾವ ತಮಟೆಗೆ ಕುಣಿದ್ರಲ್ಲ, ಯಾರಾದ್ರೂ ಏನಾದ್ರೂ ಅಂದ್ರಾ?" ಎಂದು ಕೇಳಿದಳು.

ಅನ್ನಲಿಲ್ಲ. ಭಾವ ರಿಟೈರ್ ಆಗುವ ವಯಸ್ಸಿನವರು. ಚಪ್ಪಲಿ ಎಲ್ಲಿ ಬಿಟ್ಟೆ ಅನ್ನುವುದೂ ಗೊತ್ತಿಲ್ಲದ ಹಾಗೆ ಕುಣಿದಿದ್ದರು. ತಮಟೆ ಮುಂದೆ ತಪ್ಪು ಹೆಜ್ಜೆ ಅಂತಲೇ ಇಲ್ಲ. ಟೋಕಿಯೊದ ಮಷೀನು ಹೆಜ್ಜೆ ಹೆಜ್ಜೆಗೂ ಅಂಕ ಕೊಡುತ್ತದೆ, ಪೂರ್ತಿ ಸರಿ ಇದ್ದರೆ 10 ಲಕ್ಷ. ಪಳಗಿದವರು ಹಿಂದಿನ ಕಂಬಿ ಹಿಡಿದು ಪಾದ ಮಾತ್ರ ಆಡಿಸುತ್ತಾರೆ, ಮುಖದಲ್ಲಿ ನಗುವೇ ಇರುವುದಿಲ್ಲ. ಭಾವ ಕುಣಿದದ್ದೇ ಕುಣಿತ ಅಂದರೆ ನಾನು ಜಾಸ್ತಿ ವಾದ ಮಾಡಲಾರೆ.

ಆದರೆ ಗಣೇಶ ಬರುವುದು ವರ್ಷಕ್ಕೊಮ್ಮೆ. ಯಾವುದೋ ಮಂಗಳವಾರ ಸಂಜೆ ಸುಮ್ನೆ ಕುಣಿಯಬೇಕು ಅನ್ನಿಸಿದ ಐವತ್ತರ ಗಂಡಸು ನಮ್ಮೂರಲ್ಲಿ ಎಲ್ಲಿಗೆ ಹೋಗಬೇಕು? ಐವತ್ತರ ಹೆಂಗಸು? ಅಕ್ಕನಿಗೇ ಕೇಳಿದೆ. "ನಾನ್ಯಾಕೋ ಕುಣೀಲಿ!" ಎಂದಳು.