ಮೂರು ಸಲ ಯುರೋಪ್ ಗೆದ್ದರೂ ಕೇಲರ್ ನವಾಸ್ ತಾತ್ಕಾಲಿಕವೇ?

ಈ ಕಾಲದ ಶ್ರೇಷ್ಠ ಗೋಲ್‌ಕೀಪರ್‌ಗಳು ಯಾರು ಎಂಬ ಚರ್ಚೆ ಫುಟ್‌ಬಾಲ್ ಅಭಿಮಾನಿಗಳ ನಡುವೆ ಆಗಾಗ ಏಳುತ್ತದೆ. ನೋಯರ್, ಬುಫಾನ್, ಕೋರ್ಟ್ವಾ, ಅಲಿಸನ್, ಡೆ ಹೇಯಾ ಎಂದು ಹೆಸರುಗಳು ಸರಸರನೆ ಬರುತ್ತವೆ. ಕೋಸ್ಟರಿಕಾದ ಕೇಲರ್ ನವಾಸ್‌ನನ್ನು ಯಾರಾದರೂ ನೆನಪಿಸಬೇಕು. ನೆನಪಿಸಿದರೂ ಸಿಗುವ ಉತ್ತರ ಒಂದೇ: "ಒಳ್ಳೆಯ ಕೀಪರ್, ಒಪ್ಪುತ್ತೇನೆ. ಆದರೆ ರೊನಾಲ್ಡೊ, ರಾಮೋಸ್, ಮೋಡ್ರಿಚ್ ಇದ್ದ ತಂಡದಲ್ಲಿ ಯಾರು ನಿಂತಿದ್ದರೂ ಗೆಲ್ಲುತ್ತಿದ್ದರು." ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಯಾಕೆ ಎಂದು ವಿವರವಾಗಿ ಹೇಳಿಬಿಡುತ್ತೇನೆ.

2018ನೇ ಇಸವಿಯನ್ನೇ ತೆಗೆದುಕೊಳ್ಳಿ. ಮೇ ತಿಂಗಳಲ್ಲಿ ಕೀವ್‌ನಲ್ಲಿ ಲಿವರ್‌ಪೂಲ್ ತಂಡವನ್ನು 3–1ರಿಂದ ಮಣಿಸಿ ರಿಯಲ್ ಮ್ಯಾಡ್ರಿಡ್ ಸತತ ಮೂರನೇ ಬಾರಿ ಯುರೋಪಿನ ಕ್ಲಬ್‌ಗಳ ಅತಿದೊಡ್ಡ ಟೂರ್ನಿಯಾದ ಚಾಂಪಿಯನ್ಸ್ ಲೀಗ್ ಗೆದ್ದಿತು. ಮೂರೂ ಫೈನಲ್‌ಗಳಲ್ಲಿ ಗೋಲು ಕಾದವನು ನವಾಸ್. ಆಗಸ್ಟ್‌ನಲ್ಲಿ ಯುರೋಪಿನ ಫುಟ್‌ಬಾಲ್ ಸಂಸ್ಥೆಯೇ ಅವನನ್ನು ಆ ಋತುವಿನ ಶ್ರೇಷ್ಠ ಗೋಲ್‌ಕೀಪರ್ ಎಂದು ಗೌರವಿಸಿತು. ಅದೇ ಆಗಸ್ಟ್‌ನಲ್ಲಿ ಅವನ ಕ್ಲಬ್ ಚೆಲ್ಸಿಯಿಂದ ಕೋರ್ಟ್ವಾನನ್ನು ಕೊಂಡುಕೊಂಡಿತ್ತು. ಮುಂದಿನ ತಿಂಗಳು ಲಂಡನ್‌ನಲ್ಲಿ ಫಿಫಾ ಪ್ರಶಸ್ತಿ ಸಮಾರಂಭ. ವರ್ಷದ ಶ್ರೇಷ್ಠ ಗೋಲ್‌ಕೀಪರ್ ಕೋರ್ಟ್ವಾ. ಆಟಗಾರರ ಮತದಿಂದ ಆಯ್ಕೆಯಾದ ವಿಶ್ವ ಹನ್ನೊಂದರ ಗೋಲ್‌ಕೀಪರ್ ಡೆ ಹೇಯಾ. ನವಾಸ್ ಹೆಸರು ಫಿಫಾದ ಅಂತಿಮ ಮೂವರಲ್ಲೂ ಇರಲಿಲ್ಲ. ಒಬ್ಬ ಅವನ ಜಾಗಕ್ಕೆ ಆಗಷ್ಟೇ ಬಂದವನು, ಇನ್ನೊಬ್ಬ ಮೂರು ವರ್ಷಗಳ ಹಿಂದೆ ಅವನ ಜಾಗಕ್ಕೆ ಬರಬೇಕಾಗಿದ್ದವನು. ವಿಶ್ವಕಪ್ ವರ್ಷದಲ್ಲಿ ಮತಗಳು ವಿಶ್ವಕಪ್ ಕಡೆಗೆ ವಾಲುತ್ತವೆ ಎಂಬುದು ಗೊತ್ತು. ಬೆಲ್ಜಿಯಂ ಪರ ಕೋರ್ಟ್ವಾ ಅದ್ಭುತವಾಗಿ ಆಡಿದ್ದ. ಆದರೆ ಡೆ ಹೇಯಾನಿಗೆ ಆ ವಿಶ್ವಕಪ್ ಕೆಟ್ಟ ಕನಸಾಗಿತ್ತು. ಅವನಿಗೆ ಮತ ಬಿದ್ದದ್ದು ಹೇಗೆ ಎಂಬ ಪ್ರಶ್ನೆಗೆ ನನಗೆ ಇಂದಿಗೂ ಸಮಾಧಾನದ ಉತ್ತರ ಸಿಕ್ಕಿಲ್ಲ.

ನವಾಸ್ ಹುಟ್ಟಿದ್ದು 1986ರ ಡಿಸೆಂಬರ್‌ನಲ್ಲಿ, ಕೋಸ್ಟರಿಕಾದ ದಕ್ಷಿಣಕ್ಕಿರುವ ಪೆರೆಸ್ ಸೆಲೆದೋನ್ ಪ್ರದೇಶದಲ್ಲಿ. ತಂದೆತಾಯಿ ದುಡಿಮೆ ಹುಡುಕಿಕೊಂಡು ಅಮೆರಿಕಕ್ಕೆ ಹೋದರು. ಹುಡುಗ ಅಜ್ಜ ಅಜ್ಜಿಯ ಆಸರೆಯಲ್ಲಿ ಬೆಳೆದ. ಮಧ್ಯ ಅಮೆರಿಕದಲ್ಲಿ ಇಂಥ ಮನೆಗಳು ಲೆಕ್ಕವಿಲ್ಲದಷ್ಟು. ಹದಿಹರೆಯದಲ್ಲೇ ರಾಜಧಾನಿ ಸ್ಯಾನ್ ಹೊಸೆಯ ದೊಡ್ಡ ಕ್ಲಬ್ ಸಾಪ್ರಿಸಾ ಸೇರಿದ, 2005ರಲ್ಲಿ ಮೊದಲ ಪಂದ್ಯ ಆಡಿದ, ಹಲವು ಲೀಗ್ ಪ್ರಶಸ್ತಿ ಗೆದ್ದ. ಇಡೀ ಕೋಸ್ಟರಿಕಾದ ಜನಸಂಖ್ಯೆ ಐವತ್ತು ಲಕ್ಷದ ಆಸುಪಾಸು, ಬೆಂಗಳೂರಿನ ಅರ್ಧವೂ ಇಲ್ಲ. ಅಲ್ಲಿ ಚಾಂಪಿಯನ್ ಆದವನನ್ನು ಯುರೋಪಿನ ದೊಡ್ಡ ಕ್ಲಬ್‌ಗಳು ಹುಡುಕಿಕೊಂಡು ಬರುವುದಿಲ್ಲ.

2010ರಲ್ಲಿ ಅವನಿಗೆ ಸಿಕ್ಕಿದ್ದು ಸ್ಪೇನ್‌ನ ಎರಡನೇ ದರ್ಜೆಯ ಅಲ್ಬಸೆಟೆ. ಆ ಊರಿಗೆ ಕೋಸ್ಟರಿಕಾದ ಗೋಲ್‌ಕೀಪರ್ ಹೊಸಬನೇನಲ್ಲ. 1990ರ ಇಟಲಿ ವಿಶ್ವಕಪ್‌ನಲ್ಲಿ ಸ್ಕಾಟ್ಲೆಂಡ್, ಸ್ವೀಡನ್ ತಂಡಗಳನ್ನು ಸೋಲಿಸಿ ಕೋಸ್ಟರಿಕಾ ಹದಿನಾರರ ಘಟ್ಟ ತಲುಪಿದಾಗ ಗೋಲಿನಲ್ಲಿದ್ದವರು ಗಬೆಲೋ ಕೊನೆಹೋ. ಗಾಯದಿಂದ ಅವರು ಹೊರಗುಳಿದ ಮುಂದಿನ ಪಂದ್ಯದಲ್ಲಿ ತಂಡ ಚೆಕೊಸ್ಲೊವಾಕಿಯಾ ಎದುರು 1–4ರಿಂದ ಸೋತಿತು. ಆ ವಿಶ್ವಕಪ್ ಬಳಿಕ ಕೊನೆಹೋ ಆಡಿದ್ದು ಇದೇ ಅಲ್ಬಸೆಟೆಗೆ. ಇಪ್ಪತ್ತು ವರ್ಷ ಕಳೆದು ಅಲ್ಲಿಗೆ ಬಂದ ನವಾಸ್‌ನ ಪಾಲಿಗೆ ಸಂಭ್ರಮವೇನೂ ಇರಲಿಲ್ಲ. ಅವನ ಮೊದಲ ಋತುವಿನಲ್ಲೇ ತಂಡ ಕೆಳದರ್ಜೆಗೆ ಕುಸಿಯಿತು. ಅಲ್ಲಿಂದ ಲೆವಾಂಟೆಗೆ ಎರವಲಾಗಿ ಹೋದ. ಎರಡು ವರ್ಷ ಬಹುಪಾಲು ಬೆಂಚಿನಲ್ಲಿ ಕಳೆದ. ಪೂರ್ಣಾವಧಿ ಅವಕಾಶ ಸಿಕ್ಕಿದ್ದು 2013–14ರಲ್ಲಿ, ಇಪ್ಪತ್ತಾರು ದಾಟಿದ ಮೇಲೆ. ಆ ಒಂದೇ ಋತುವಿನಲ್ಲಿ ಸ್ಪೇನ್ ಲೀಗ್‌ನ ಶ್ರೇಷ್ಠ ಗೋಲ್‌ಕೀಪರ್ ಪ್ರಶಸ್ತಿ ಅವನದಾಯಿತು, ಅದೂ ಪ್ರಶಸ್ತಿಯ ಕನಸನ್ನೂ ಕಾಣದ ಸಣ್ಣ ತಂಡದಲ್ಲಿ ನಿಂತು.

ಬಳಿಕ ಬಂದದ್ದು ಬ್ರೆಜಿಲ್ ವಿಶ್ವಕಪ್. ಗುಂಪಿನಲ್ಲಿ ಉರುಗ್ವೆ, ಇಟಲಿ, ಇಂಗ್ಲೆಂಡ್, ಮೂರೂ ಮಾಜಿ ಚಾಂಪಿಯನ್ನರು. ನಾಲ್ಕನೆಯ ಕೋಸ್ಟರಿಕಾ ಬರೀ ಲೆಕ್ಕಭರ್ತಿಗೆ ಎಂದು ಎಲ್ಲರೂ ಭಾವಿಸಿದ್ದರು. ಅದು ಉರುಗ್ವೆಯನ್ನು 3–1ರಿಂದ, ಇಟಲಿಯನ್ನು 1–0ಯಿಂದ ಸೋಲಿಸಿ, ಇಂಗ್ಲೆಂಡ್ ಜೊತೆ ಗೋಲಿಲ್ಲದೆ ಡ್ರಾ ಮಾಡಿಕೊಂಡು ಗುಂಪಿನ ಅಗ್ರಸ್ಥಾನ ಪಡೆಯಿತು. ಕೊಲಂಬಿಯಾದ ಕೋಚ್ ಹೋರ್ಹೆ ಲೂಯಿಸ್ ಪಿಂಟೊ ಐವರು ರಕ್ಷಣಾ ಆಟಗಾರರನ್ನು ಒಂದೇ ಸಾಲಿನಲ್ಲಿ, ಗೋಲಿನಿಂದ ಸಾಕಷ್ಟು ಮುಂದಕ್ಕೆ ನಿಲ್ಲಿಸುತ್ತಿದ್ದರು. ಎದುರಾಳಿಗಳು ಆ ಸಾಲನ್ನು ದಾಟಿ ನಿಂತು ಮತ್ತೆ ಮತ್ತೆ ಆಫ್‌ಸೈಡ್ ಬಲೆಗೆ ಬೀಳುತ್ತಿದ್ದರು. ಆದರೆ ಆ ಸಾಲು ಒಂದು ಕ್ಷಣ ತಪ್ಪಿದರೂ ಹಿಂದೆ ಇರುವುದು ಬಯಲು ಜಾಗ, ಅದರಾಚೆ ಒಬ್ಬನೇ ನವಾಸ್. ಅಪಾಯವೆಲ್ಲ ಗೋಲ್‌ಕೀಪರ್‌ನ ತಲೆಯ ಮೇಲೆ ಹೊರಿಸಿದ ತಂತ್ರ ಅದು. ಐದು ಪಂದ್ಯಗಳಲ್ಲಿ ಆ ತಂಡ ಬಿಟ್ಟುಕೊಟ್ಟದ್ದು ಎರಡೇ ಗೋಲು. ಅದರಲ್ಲೂ ಒಂದು ಪೆನಾಲ್ಟಿ.

ರೆಸಿಫೆಯಲ್ಲಿ ಗ್ರೀಸ್ ವಿರುದ್ಧದ ಪಂದ್ಯವನ್ನಂತೂ ಮರೆಯಲು ಸಾಧ್ಯವಿಲ್ಲ. 66ನೇ ನಿಮಿಷದಲ್ಲಿ ಕೋಸ್ಟರಿಕಾದ ಡುವಾರ್ಟೆ ಎರಡನೇ ಹಳದಿ ಕಾರ್ಡ್ ಪಡೆದು ಹೊರನಡೆದ. ಹತ್ತೇ ಮಂದಿ ಮುನ್ನಡೆಯನ್ನು ಕಾಪಾಡಿಕೊಂಡು ಬಂದರು. 90 ನಿಮಿಷ ಮುಗಿದ ಮೇಲೆ ಸೇರಿಸಿದ ಸಮಯದ ಮೊದಲ ನಿಮಿಷದಲ್ಲಿ ನವಾಸ್ ತಡೆದ ಚೆಂಡು ಪುಟಿದು ಎದುರಾಳಿಯ ಕಾಲಿಗೇ ಸಿಕ್ಕಿತು, ಸಮಬಲವಾಯಿತು. ಮುಂದಿನ ಅರ್ಧ ಗಂಟೆ ಕಾಲೆಳೆಯುತ್ತಿದ್ದ ಆಟಗಾರರ ಮೇಲೆ ಗ್ರೀಸ್ ಅಲೆಯಲೆಯಾಗಿ ಬಂದಿತು. ನವಾಸ್ ಒಂದನ್ನೂ ಒಳಗೆ ಬಿಡಲಿಲ್ಲ. ಶೂಟೌಟ್‌ನಲ್ಲಿ ಎರಡೂ ತಂಡಗಳು ತಪ್ಪದೆ ಹೊಡೆಯುತ್ತಿದ್ದಾಗ ಗ್ರೀಸ್‌ನ ನಾಲ್ಕನೆಯವನಾಗಿ ಬಂದವನು ಗೆಕಾಸ್. ನವಾಸ್ ಗೆರೆಯ ಮೇಲೆ ಕೊನೆಯ ಕ್ಷಣದವರೆಗೂ ಕದಲಲಿಲ್ಲ. ಹಾರಿದ್ದು ತಡವಾಯಿತೇನೋ ಅನ್ನಿಸುವಷ್ಟರಲ್ಲಿ ಕೈ ಚೆಂಡನ್ನು ಮುಟ್ಟಿಯಾಗಿತ್ತು. ಕೋಸ್ಟರಿಕಾದ ಉಮಾನ್ಯ ಮುಂದಿನದನ್ನು ಗೋಲಿಗೆ ಸೇರಿಸಿದ. ಮಧ್ಯ ಅಮೆರಿಕದ ಯಾವ ದೇಶವೂ ಅದುವರೆಗೆ ವಿಶ್ವಕಪ್‌ನ ಎಂಟರ ಘಟ್ಟ ತಲುಪಿರಲಿಲ್ಲ.

ನೆದರ್ಲೆಂಡ್ಸ್ ವಿರುದ್ಧದ ಕ್ವಾರ್ಟರ್‌ಫೈನಲ್ 120 ನಿಮಿಷ ಗೋಲಿಲ್ಲದೆ ಮುಗಿಯಿತು. ಶೂಟೌಟ್‌ಗೆಂದೇ ಡಚ್ ಕೋಚ್ ವಾನ್ ಹಾಲ್ ಬೇರೊಬ್ಬ ಗೋಲ್‌ಕೀಪರ್ ಕ್ರೂಲ್‌ನನ್ನು ಇಳಿಸಿದರು, ಅವನು ಎರಡು ಹೊಡೆತ ತಡೆದ. ಕೋಸ್ಟರಿಕಾ ಮನೆಗೆ ಮರಳಿತು, ಆಟದ ಅವಧಿಯಲ್ಲಿ ಒಂದು ಪಂದ್ಯವನ್ನೂ ಸೋಲದೆ. (ಆ ತಂಡದಲ್ಲಿದ್ದ ಡಿಫೆಂಡರ್ ಜಾನಿ ಅಕೋಸ್ಟಾ ನಮ್ಮವರಿಗೆ ನೆನಪಿರಬಹುದು. 2018ರ ವಿಶ್ವಕಪ್ ಮುಗಿಸಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ಸೇರಿದ; ಮೊದಲ ಪಂದ್ಯದಲ್ಲೇ ಮೋಹನ್ ಬಾಗಾನ್ ವಿರುದ್ಧ ಗೋಲು ಹೊಡೆದ.)

ಈ ವಿಶ್ವಕಪ್ ನೋಡಿ ರಿಯಲ್ ಮ್ಯಾಡ್ರಿಡ್ ಒಂದು ಕೋಟಿ ಯೂರೊ ಕೊಟ್ಟು ನವಾಸ್‌ನನ್ನು ಕರೆಸಿಕೊಂಡಿತು. ಮೊದಲ ವರ್ಷ ಹಿರಿಯ ಗೋಲ್‌ಕೀಪರ್ ಕಸಿಯಾಸ್ ಹಿಂದೆ ಬೆಂಚು. 2015ರಲ್ಲಿ ಕಸಿಯಾಸ್ ಪೋರ್ಟೊಗೆ ಹೋದ. ಇನ್ನಾದರೂ ಜಾಗ ತನ್ನದೆಂದು ನವಾಸ್ ನಂಬಿರಬೇಕು. ಕ್ಲಬ್‌ನ ಕಣ್ಣು ಮಾತ್ರ ಮ್ಯಾಂಚೆಸ್ಟರ್ ಯುನೈಟೆಡ್‌ನ ಡೆ ಹೇಯಾನ ಮೇಲಿತ್ತು. ಅವನು ಮ್ಯಾಡ್ರಿಡ್‌ನಲ್ಲೇ ಹುಟ್ಟಿದವನು, ಸ್ಪೇನ್‌ನವನು, ಕಸಿಯಾಸ್‌ನ ಉತ್ತರಾಧಿಕಾರಿ ಎಂದು ಎಲ್ಲರೂ ಹೇಳುತ್ತಿದ್ದವನು. ಆಗಸ್ಟ್ 29ರಂದು ಬೆಟಿಸ್ ವಿರುದ್ಧ 5–0 ಗೆಲುವಿನಲ್ಲಿ ನವಾಸ್ ಪೆನಾಲ್ಟಿ ತಡೆದ. ಆಗಸ್ಟ್ 31, ವರ್ಗಾವಣೆಯ ಕೊನೆಯ ರಾತ್ರಿ, ಡೆ ಹೇಯಾ ಮ್ಯಾಡ್ರಿಡ್‌ಗೆ, ನವಾಸ್ ಮತ್ತು ಒಂದಿಷ್ಟು ಹಣ ಮ್ಯಾಂಚೆಸ್ಟರ್‌ಗೆ ಎಂದು ಒಪ್ಪಂದವಾಯಿತು. ಕಾಗದಪತ್ರ ಗಡುವು ಮೀರಿ ತಲುಪಿತು. ಎರಡೂ ಕ್ಲಬ್‌ಗಳು ಮರುದಿನ ಪ್ರಕಟಣೆ ಹೊರಡಿಸಿ ತಪ್ಪನ್ನು ಒಬ್ಬರ ಮೇಲೊಬ್ಬರು ಹಾಕಿದವು. ಆ ಪ್ರಕಟಣೆಗಳ ನಡುವೆ ಒಬ್ಬ ಮನುಷ್ಯನಿದ್ದ. ಊರು ಬಿಡಲು ಮನಸ್ಸು ಗಟ್ಟಿ ಮಾಡಿಕೊಂಡು, ಬೆಳಗಾಗುವಷ್ಟರಲ್ಲಿ ತನ್ನನ್ನು ಬೇಡವೆಂದ ತಂಡಕ್ಕೇ ಮತ್ತೆ ಗೋಲು ಕಾಯಬೇಕಾದವನು.

ಅವನು ಮಾಡಿದ್ದು ಏನು? ಆ ಋತುವಿನ ಚಾಂಪಿಯನ್ಸ್ ಲೀಗ್‌ನಲ್ಲಿ 738 ನಿಮಿಷ ಒಂದೂ ಗೋಲು ಬಿಡಲಿಲ್ಲ. ಏಪ್ರಿಲ್‌ನಲ್ಲಿ ವೋಲ್ಫ್ಸ್‌ಬರ್ಗ್ ಪೆನಾಲ್ಟಿಯಿಂದ ಆ ಸರಣಿ ಮುರಿಯಿತು. ಮೇ ತಿಂಗಳಲ್ಲಿ ಮಿಲಾನ್‌ನಲ್ಲಿ ಕಪ್. ಮುಂದಿನ ವರ್ಷ ಕಾರ್ಡಿಫ್‌ನಲ್ಲಿ ಕಪ್, ಜೊತೆಗೆ ಸ್ಪೇನ್ ಲೀಗ್. 2018ರ ಜನವರಿಯಲ್ಲಿ ಮತ್ತೆ ಹೊಸ ಗೋಲ್‌ಕೀಪರ್ ಮಾತು, ಈ ಬಾರಿ ಕೆಪಾ. ತನಗೆ ಬೇಡವೆಂದು ಕೋಚ್ ಝಿದಾನ್ ಅಡ್ಡ ನಿಂತರು. ಮೇ 1ರಂದು ಬಯರ್ನ್ ವಿರುದ್ಧ ಸೆಮಿಫೈನಲ್‌ನ ಎರಡನೇ ಪಂದ್ಯ. ಇಲ್ಲಿ ರಾತ್ರಿ ಹನ್ನೆರಡೂಕಾಲಿಗೆ ಶುರುವಾಗಿತ್ತು. ಸ್ವಂತ ಮೈದಾನದಲ್ಲೇ ರಿಯಲ್ ಮ್ಯಾಡ್ರಿಡ್ ಉಸಿರುಗಟ್ಟಿ ಆಡುತ್ತಿತ್ತು, ಬಯರ್ನ್ ಬೇಕೆನಿಸಿದಾಗಲೆಲ್ಲ ನುಗ್ಗುತ್ತಿತ್ತು. 2–2 ಡ್ರಾ, ಎರಡೂ ಪಂದ್ಯ ಸೇರಿ ಒಟ್ಟು 4–3ರಿಂದ ರಿಯಲ್ ಫೈನಲ್‌ಗೆ. ತಾರೆಗಳೇ ತುಂಬಿದ ತಂಡದಲ್ಲಿ ಯಾರು ನಿಂತಿದ್ದರೂ ಗೆಲ್ಲುತ್ತಿದ್ದರು ಅನ್ನುವವರು ಆ ಪಂದ್ಯ ನೋಡಬೇಕು. ಅಂದು ಬಯರ್ನ್ ಗೋಲ್‌ಕೀಪರ್ ಉಲ್‌ರೈಕ್ ಒಂದೇ ಒಂದು ಕ್ಷಣ ಎಡವಿದ, ಬೆಂಜೆಮಾ ಗೋಲು ಹೊಡೆದ. ಎರಡು ತಂಡಗಳ ನಡುವಿನ ಅಂತರ ಇಬ್ಬರು ಕೀಪರ್‌ಗಳ ನಡುವಿನ ಅಂತರವೇ ಆಗಿತ್ತು.

ನ್ಯಾಯವಾಗಿ ಮಾತಾಡಬೇಕು. ಕೋರ್ಟ್ವಾ ಮಹಾನ್ ಗೋಲ್‌ಕೀಪರ್. 2022ರ ಫೈನಲ್‌ನಲ್ಲಿ ಲಿವರ್‌ಪೂಲ್ ಎದುರು ಅವನು ಆಡಿದಂಥ ಆಟ ಫೈನಲ್‌ಗಳಲ್ಲಿ ಅಪರೂಪ. ನವಾಸ್ ಮುಂದೆ ಸೇರಿದ ಪ್ಯಾರಿಸ್‌ನ ಪಿಎಸ್‌ಜಿ ಕ್ಲಬ್‌ನಲ್ಲಿ ಅವನ ಜಾಗಕ್ಕೆ ಬಂದ ಡೊನ್ನರುಮಾ ಕೂಡ 2025ರಲ್ಲಿ ಆ ಕ್ಲಬ್‌ಗೆ ಮೊದಲ ಚಾಂಪಿಯನ್ಸ್ ಲೀಗ್ ಗೆಲ್ಲಿಸಿದವರಲ್ಲಿ ಮುಖ್ಯನಾದ. ಆರಡಿ ಆರಂಗುಲದ ಕೋರ್ಟ್ವಾ, ಅವನಿಗಿಂತ ತುಸುವೇ ಕಡಿಮೆ ಎತ್ತರದ ಡೊನ್ನರುಮಾ ಕೈಚಾಚಿದರೆ ಸಿಗುವ ಚೆಂಡಿಗೆ ನವಾಸ್ ಎರಡು ಹೆಜ್ಜೆ ಓಡಿ ಹಾರಬೇಕು. ಅವನ ಎತ್ತರ ಸುಮಾರು ಆರಡಿ ಒಂದಂಗುಲ, ಈ ಕಾಲದ ಗೋಲ್‌ಕೀಪರ್‌ಗೆ ಕಡಿಮೆಯೇ. ಅದಕ್ಕಾಗಿಯೇ ಪುಟ್ಟ ಟೆನಿಸ್ ಚೆಂಡುಗಳನ್ನು ಹಿಡಿಯುತ್ತ ಕಣ್ಣು, ಕೈಗಳನ್ನು ಸಾಣೆ ಹಿಡಿದವನು. ಕಿರಿಯ, ಎತ್ತರದ ಕೀಪರ್ ಬೇಕೆಂದು ಕ್ಲಬ್‌ಗಳು ಬಯಸಿದ್ದು ತಪ್ಪಲ್ಲ. ನನ್ನ ತಕರಾರು ಇರುವುದು ಬೇರೆ ಕಡೆ. ನವಾಸ್ ಎಷ್ಟು ಗೆದ್ದರೂ ಅವನು ನಿಂತಿದ್ದ ಜಾಗವನ್ನು ಖಾಲಿ ಜಾಗವೆಂದೇ ಎಣಿಸಲಾಯಿತು. ಸ್ಪೇನ್, ಜರ್ಮನಿ, ಬ್ರೆಜಿಲ್‌ನ ಒಬ್ಬ ಗೋಲ್‌ಕೀಪರ್ ಸತತ ಮೂರು ವರ್ಷ ಯುರೋಪ್ ಗೆದ್ದಿದ್ದರೆ ಅವನ ಬದಲಿಗೆ ಯಾರು ಎಂಬ ಪ್ರಶ್ನೆ ಪ್ರತಿ ಬೇಸಿಗೆಯಲ್ಲೂ ಏಳುತ್ತಿತ್ತೇ? ಪೆರೆಸ್ ಸೆಲೆದೋನ್‌ನಿಂದ ಬಂದವನಿಗೆ ಪ್ರತಿ ವರ್ಷ ಹೊಸದಾಗಿ ಪರೀಕ್ಷೆ.

ಪ್ಯಾರಿಸ್‌ನಲ್ಲೂ ಅದೇ ಕಥೆ ಮರುಕಳಿಸಿತು. 2019ರ ಸೆಪ್ಟೆಂಬರ್‌ನಲ್ಲಿ ಸೇರಿದ. ಮೊದಲ ಋತುವಿನಲ್ಲೇ ಪಿಎಸ್‌ಜಿ ತನ್ನ ಇತಿಹಾಸದ ಮೊದಲ ಚಾಂಪಿಯನ್ಸ್ ಲೀಗ್ ಫೈನಲ್ ಆಡಿತು. 2021ರ ಮಾರ್ಚ್‌ನಲ್ಲಿ ಬಾರ್ಸಿಲೋನಾ ವಿರುದ್ಧ ಮೆಸ್ಸಿ ದೂರದಿಂದ ಸಿಡಿಸಿದ ಗೋಲು ಬಂದು ಸ್ವಲ್ಪ ಹೊತ್ತಿಗೆ ಪೆನಾಲ್ಟಿ. ಚೆಂಡು ನವಾಸ್‌ನ ಕಾಲಿಗೆ ತಾಗಿ ಚಿಮ್ಮಿ ಅಡ್ಡಪಟ್ಟಿಗೆ ಬಡಿಯಿತು. ಆ ಪೆನಾಲ್ಟಿ ಒಳಹೋಗಿದ್ದರೆ ಆ ರಾತ್ರಿಯ ದಿಕ್ಕೇ ಬದಲಾಗುತ್ತಿತ್ತು. ಅದೇ ಬೇಸಿಗೆಯಲ್ಲಿ ಡೊನ್ನರುಮಾ ಬಂದ. ಒಂದು ವರ್ಷ ಇಬ್ಬರನ್ನೂ ಸರದಿಯಂತೆ ಆಡಿಸಿದರು, ನಂತರ ನವಾಸ್‌ನನ್ನು ಪೂರ್ತಿ ಬದಿಗಿಟ್ಟರು. 2022ರ ವಿಶ್ವಕಪ್‌ಗೆ ಹೋಗುವಾಗ ಅವನು ಆ ಋತುವಿನಲ್ಲಿ ಕ್ಲಬ್ ಪರ ಬಹುತೇಕ ಆಡಿರಲೇ ಇಲ್ಲ. ಕೋಸ್ಟರಿಕಾ ವಿರುದ್ಧ ಸ್ಪೇನ್ ಏಳು ಗೋಲು ಹೊಡೆಯಿತು. ನಾಲ್ಕು ದಿನ ಕಳೆದು ಅದೇ ಕೋಸ್ಟರಿಕಾ ತಂಡ ಜಪಾನನ್ನು 1–0ಯಿಂದ ಸೋಲಿಸಿತು; ಕೊನೆಯ ಪಂದ್ಯದಲ್ಲಿ ಜರ್ಮನಿ ಎದುರು ಕೆಲವು ನಿಮಿಷ 2–1ರ ಮುನ್ನಡೆಯನ್ನೂ ಪಡೆದಿತ್ತು, ಕಡೆಗೆ ಸೋತಿತು.

2023ರ ಜನವರಿಯಲ್ಲಿ ಎರವಲಾಗಿ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ ಹೋದಾಗ ಅವನಿಗೆ ಮೂವತ್ತಾರು. ಕೆಳದರ್ಜೆಗೆ ಬೀಳುವ ಭಯದಲ್ಲಿದ್ದ ತಂಡ. ಮೊದಲ ಪಂದ್ಯದಲ್ಲೇ ಲೀಡ್ಸ್‌ಗೆ ಒಂದೂ ಗೋಲು ಕೊಡದೆ 1–0 ಗೆಲುವು. ಮೇ ತಿಂಗಳಲ್ಲಿ ಆರ್ಸೆನಲ್ ವಿರುದ್ಧ ಅದೇ ಅಂಕದ ಗೆಲುವಿನೊಂದಿಗೆ ತಂಡ ಉಳಿದುಕೊಂಡಿತು. ಮೂರು ಯುರೋಪಿಯನ್ ಕಪ್‌ಗಳ ಒಡೆಯ ಅಂದು ಕುಣಿದಾಡಿದವರ ನಡುವೆ ಇದ್ದ ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. ನಂತರ ಅರ್ಜೆಂಟೀನಾದ ನ್ಯೂವೆಲ್ಸ್ ಓಲ್ಡ್ ಬಾಯ್ಸ್, 2025ರಲ್ಲಿ ಮೆಕ್ಸಿಕೊದ ಪೂಮಾಸ್. ದೇಶದ ತಂಡಕ್ಕೆ 2024ರಲ್ಲಿ ವಿದಾಯ ಹೇಳಿದವನು ಮತ್ತೆ ಮರಳಿ ಬಂದ.

ನವಾಸ್‌ನನ್ನು ಹೆಚ್ಚು ನೋಡಿರದವರಿಗೆ ಒಂದೇ ಪಂದ್ಯ ಸೂಚಿಸಬೇಕೆಂದರೆ 2021ರ ಏಪ್ರಿಲ್ 7ರ ಮ್ಯೂನಿಕ್ ಪಂದ್ಯ ಹೇಳುತ್ತೇನೆ. ಹಿಮ ಸುರಿಯುತ್ತಿದೆ. ಬಯರ್ನ್ ಮೂವತ್ತಕ್ಕೂ ಹೆಚ್ಚು ಬಾರಿ ಗೋಲಿನತ್ತ ಹೊಡೆಯುತ್ತದೆ, ನವಾಸ್ ಹತ್ತನ್ನು ತಡೆಯುತ್ತಾನೆ, ಪಿಎಸ್‌ಜಿ 3–2ರಿಂದ ಗೆಲ್ಲುತ್ತದೆ. ಮರುದಿನ ಸುದ್ದಿಯಲ್ಲಿ ಎರಡು ಗೋಲು ಹೊಡೆದ ಎಂಬಾಪೆಯದೇ ಅಬ್ಬರ. ಗೋಲುಗಳ ತುಣುಕು ನೋಡಿ ಬಿಟ್ಟುಬಿಡಬೇಡಿ. ಸಾಧ್ಯವಾದರೆ ಪೂರ್ತಿ ಪಂದ್ಯ ನೋಡಿ, ಚೆಂಡು ಪ್ಯಾರಿಸ್‌ನ ಅರ್ಧದಲ್ಲಿದ್ದಾಗಲೆಲ್ಲ ನವಾಸ್‌ನ ಪಾದಗಳ ಮೇಲೆ ಕಣ್ಣಿಡಿ.