‘ಲಿನಕ್ಸ್‌ನಲ್ಲಿ ಕೆಲಸ ಮಾಡಲ್ಲ’ ಅಂತ ಬರೆದುಬಿಟ್ಟರೆ ಸಾಲದು

ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುವ ಆಪ್‌ಗೆ ವಿಂಡೋ, ಬಟನ್‌ಗಳನ್ನು ಒದಗಿಸುವ ಕ್ರಾಸ್ ಪ್ಲಾಟ್‌ಫಾರ್ಮ್ ಜಿಯುಐ ಟೂಲ್‌ಕಿಟ್ ಆರಿಸುವಾಗ ಬಹಳ ಜನ ಮೊದಲು ನೋಡುವುದು ಸ್ಕ್ರೀನ್‌ಶಾಟ್, ಆಮೇಲೆ ಲೈಸೆನ್ಸ್. ನಾನು ಮೊದಲು ಹುಡುಕುವುದು ನೋನ್ ಇಶ್ಯೂಸ್ ಪಟ್ಟಿ. ಯಾವ ಓಎಸ್‌ನಲ್ಲಿ ಏನು ಕೈಕೊಡುತ್ತದೆ ಅಂತ ಟೂಲ್‌ಕಿಟ್ ಬರೆದವರೇ ಹೇಳಿರುವ ಜಾಗ ಅದು. ಆದರೆ ಈ ಪಟ್ಟಿಗಳ ಮೇಲೆ ನನಗೊಂದು ತಕರಾರಿದೆ. ನಾಳೆ ಸರಿಹೋಗಬಹುದಾದ ಬಗ್ ಯಾವುದು, ಆ ಓಎಸ್ ಇರುವ ರೀತಿಯೇ ಹಾಗೆ ಅನ್ನುವುದು ಯಾವುದು ಅಂತ ಹೆಚ್ಚಿನವು ಬಿಡಿಸಿ ಹೇಳುವುದಿಲ್ಲ. ಎರಡನ್ನೂ ಒಂದೇ ಸಾಲಲ್ಲಿ ನಿಲ್ಲಿಸುತ್ತವೆ. ಆಪ್ ಬರೆಯುವವರಿಗೆ ಬೇಕಾಗಿರುವುದೇ ಆ ವ್ಯತ್ಯಾಸ ಅಲ್ವಾ? ಮೊದಲನೆಯದಾದರೆ ಕಾಯಬಹುದು, ಎರಡನೆಯದಾದರೆ ಆಪ್‌ನ ವಿನ್ಯಾಸವನ್ನೇ ಬದಲಿಸಬೇಕು.

ಲಿನಕ್ಸ್‌ನಲ್ಲಿ ವಿಂಡೋಗಳನ್ನು ಪರದೆಗೆ ತರುವ ಹೊಸ ವ್ಯವಸ್ಥೆ ವೇಲ್ಯಾಂಡ್ ತಗೊಳ್ಳಿ. ಆಪ್ ಮುಚ್ಚಿ ಮತ್ತೆ ತೆರೆದಾಗ ವಿಂಡೋ ಮೊದಲಿದ್ದ ಜಾಗಕ್ಕೇ ಬರಬೇಕು ಅಂತ ಬಳಸುವವರು ಕೇಳುತ್ತಾರೆ, ನ್ಯಾಯವಾದ ಬೇಡಿಕೆಯೇ. ವಿಂಡೋಸ್‌ನಲ್ಲಿ, ಮ್ಯಾಕ್‌ನಲ್ಲಿ, ಲಿನಕ್ಸ್‌ನ ಹಳೆಯ ವ್ಯವಸ್ಥೆಯಾದ ಎಕ್ಸ್11ನಲ್ಲಿ ಅದು ದೊಡ್ಡ ಕೆಲಸವೇ ಅಲ್ಲ. ವೇಲ್ಯಾಂಡ್‌ನಲ್ಲಿ ಮಾತ್ರ ತನ್ನ ವಿಂಡೋ ಪರದೆಯ ಮೇಲೆ ಎಲ್ಲಿದೆ ಅಂತಲೇ ಆಪ್‌ಗೆ ಗೊತ್ತಾಗುವುದಿಲ್ಲ, ಇಂಥಲ್ಲಿ ಇಡು ಅಂತ ಹೇಳುವ ದಾರಿಯೂ ಇಲ್ಲ. ಅದು ಎಲ್ಲ ವಿಂಡೋಗಳನ್ನೂ ಜೋಡಿಸಿ ಪರದೆಗೆ ಹಾಕುವ ಕಂಪಾಸಿಟರ್‌ಗೆ ಬಿಟ್ಟ ವಿಷಯ. ಇದು ಮರೆತು ಬಿಟ್ಟದ್ದಲ್ಲ, ಬೇಕು ಅಂತಲೇ ಬಿಟ್ಟದ್ದು. 1987ರಲ್ಲಿ ಬಂದ ಎಕ್ಸ್11ನಲ್ಲಿ ಒಂದು ಆಪ್‌ನಲ್ಲಿ ಟೈಪ್ ಮಾಡಿದ್ದನ್ನು ಇನ್ನೊಂದು ಆಪ್ ಕೇಳಿಸಿಕೊಳ್ಳಬಹುದು, ಪಕ್ಕದ ವಿಂಡೋದೊಳಗೆ ಏನಿದೆ ಅಂತ ನೋಡಬಹುದು. 2008ರಲ್ಲಿ ಶುರುವಾದ ವೇಲ್ಯಾಂಡ್ ಅದನ್ನೆಲ್ಲ ಮುಚ್ಚಿತು. ಹಾಗಾಗಿ ಬೇರೆ ಆಪ್‌ನಲ್ಲಿದ್ದಾಗಲೂ ಕೆಲಸ ಮಾಡುವ ಗ್ಲೋಬಲ್ ಶಾರ್ಟ್‌ಕಟ್, ಸ್ಕ್ರೀನ್‌ಶಾಟ್ ಇವೆಲ್ಲ ಈಗ ಪೋರ್ಟಲ್ ಅನ್ನುವ ಮಧ್ಯವರ್ತಿಯ ಮೂಲಕ, ಬಳಸುವವರ ಅನುಮತಿ ಕೇಳಿಕೊಂಡೇ ನಡೆಯಬೇಕು.

2020ರ ಕೊನೆಗೆ ಜಿಟಿಕೆ ಅನ್ನುವ ಟೂಲ್‌ಕಿಟ್‌ನ 4ನೇ ಆವೃತ್ತಿ ಬಂದಾಗ ವಿಂಡೋ ಸರಿಸುವ ಫಂಕ್ಷನ್ನನ್ನೇ ತೆಗೆದುಹಾಕಿದರು. ತುಂಬಾ ಜನಕ್ಕೆ ಸಿಟ್ಟು ಬಂತು. ನನಗೆ ಅದು ಪ್ರಾಮಾಣಿಕ ಕೆಲಸ ಅನ್ನಿಸುತ್ತದೆ. ಫಂಕ್ಷನ್ ಹಾಗೇ ಇದ್ದು, ಕರೆದರೆ ತಪ್ಪೂ ತೋರಿಸದೆ, ಏನೂ ಮಾಡದೆ ಸುಮ್ನೆ ವಾಪಸ್ ಬಂದರೆ ಕೋಡ್ ಬರೆಯುವವರು ಇಡೀ ದಿನ ತಮ್ಮ ಲೆಕ್ಕಾಚಾರದಲ್ಲೇ ತಪ್ಪು ಹುಡುಕುತ್ತಾ ಕೂರುತ್ತಾರೆ.

ಇಂಥದಕ್ಕೆ ಎಲ್ಲರೂ ಹೇಳುವ ಪರಿಹಾರ ಒಂದೇ, ವೇಲ್ಯಾಂಡ್‌ನೊಳಗೇ ಎಕ್ಸ್11 ಆಪ್‌ಗಳನ್ನು ನಡೆಸುವ ಎಕ್ಸ್‌ವೇಲ್ಯಾಂಡ್ ಮೇಲೆ ಓಡಿಸಿ ಅಂತ. ಓಡುತ್ತದೆ, ನಿಜ. ಆದರೆ ಪರದೆಯ ಸ್ಕೇಲ್ 125 ಅಥವಾ 150 ಪರ್ಸೆಂಟ್ ಇದ್ದರೆ ಎಷ್ಟೋ ಡೆಸ್ಕ್‌ಟಾಪ್‌ಗಳಲ್ಲಿ ಅಕ್ಷರ ಮಸುಕಾಗುತ್ತದೆ. ಒಂದು ತೊಂದರೆ ಕೊಟ್ಟು ಇನ್ನೊಂದನ್ನು ತಂದ ಹಾಗಾಯಿತು. ಅದನ್ನೂ ಪರಿಹಾರದ ಪಕ್ಕದಲ್ಲೇ ಬರೆಯಬೇಕು.

ಡಾರ್ಕ್ ಮೋಡ್ ಕಥೆ ಬೇರೆ. 2018ರಲ್ಲಿ ಮ್ಯಾಕ್‌ಗೆ ಮೊಹಾವಿ ಆವೃತ್ತಿಯಲ್ಲಿ ಡಾರ್ಕ್ ಮೋಡ್ ಬಂತು, ಓಎಸ್‌ನ ಸ್ವಂತ ಬಟನ್, ಪಟ್ಟಿಗಳನ್ನೇ ಬಳಸುವ ಟೂಲ್‌ಕಿಟ್‌ಗಳಿಗೆ ಅದರ ಬಹುಪಾಲು ತಾನಾಗಿಯೇ ಸಿಕ್ಕಿತು. ಅದೇ ವರ್ಷ ವಿಂಡೋಸ್ 10ರ ಫೈಲ್ ಎಕ್ಸ್‌ಪ್ಲೋರರ್ ಕೂಡ ಕಪ್ಪಾಯಿತು. ಆದರೆ ವಿಂಡೋಸ್‌ನ ಹಳೆಯ ಪ್ರೋಗ್ರಾಮಿಂಗ್ ವ್ಯವಸ್ಥೆ ವಿನ್32ರ ಬಟನ್, ಮೆನು, ಸ್ಕ್ರಾಲ್‌ಬಾರ್‌ಗಳನ್ನು ಕಪ್ಪು ಮಾಡುವ ಅಧಿಕೃತ ದಾರಿಯನ್ನು ಹೊರಗಿನವರಿಗೆ ಕೊಡಲಿಲ್ಲ. ಡಾಕ್ಯುಮೆಂಟೇಶನ್‌ನಲ್ಲೇ ಇಲ್ಲದ ಫಂಕ್ಷನ್‌ಗಳನ್ನು ಹುಡುಕಿ ತೆಗೆದು ಬಳಸಬೇಕಾಯಿತು. 1992ರಿಂದ ಇರುವ ಡಬ್ಲ್ಯುಎಕ್ಸ್‌ವಿಜೆಟ್ಸ್ ಟೂಲ್‌ಕಿಟ್‌ಗೆ ವಿಂಡೋಸ್‌ನ ಡಾರ್ಕ್ ಮೋಡ್ ಸೇರಿದ್ದು ತೀರಾ ಈಚೆಗೆ, 3.3 ಆವೃತ್ತಿಯಲ್ಲಿ. ನೋಡಿ, ಇದು ಕಷ್ಟಪಟ್ಟರೆ ಆಗುವಂಥದು, ಆಯಿತು ಕೂಡ. ವೇಲ್ಯಾಂಡ್‌ನ ವಿಂಡೋ ಜಾಗದ ವಿಷಯವನ್ನೂ ಇದನ್ನೂ ‘ಸದ್ಯಕ್ಕೆ ಇಲ್ಲ’ ಅಂತ ಒಂದೇ ಮಾತಲ್ಲಿ ಬರೆದರೆ ಓದುವವರಿಗೆ ಏನು ತಿಳಿಯುತ್ತದೆ?

ವಿಂಡೋಸ್‌ನದೇ ಇನ್ನೊಂದಿದೆ. ಟೈಟಲ್ ಬಾರ್ ಹಿಡಿದು ವಿಂಡೋ ಎಳೆಯುತ್ತಿರುವಾಗ, ಅಂಚು ಹಿಡಿದು ಹಿಗ್ಗಿಸುತ್ತಿರುವಾಗ ಓಎಸ್ ತನ್ನದೇ ಒಂದು ಲೂಪ್‌ನೊಳಗೆ ಹೋಗಿಬಿಡುತ್ತದೆ. ಮೌಸ್ ಬಿಡುವ ತನಕ ಹೊರಗೆ ಬರುವುದಿಲ್ಲ. ನಿಮ್ಮ ಆಪ್‌ನ ಕೆಲಸವನ್ನೆಲ್ಲ ಸುತ್ತು ಸುತ್ತಾಗಿ ನಡೆಸುವ ಮೇನ್ ಲೂಪ್ ಅಲ್ಲೇ ನಿಂತಿರುತ್ತದೆ, ಅದನ್ನು ನಂಬಿದ ಅನಿಮೇಶನ್ ಕೂಡ. ಲಿನಕ್ಸ್‌ನಲ್ಲಿ ಮಾತ್ರ ಟೆಸ್ಟ್ ಮಾಡಿದವರಿಗೆ ಇದು ಕಾಣುವುದೇ ಇಲ್ಲ. ಮ್ಯಾಕ್‌ನಲ್ಲಿ ಯುಐ ಕೆಲಸವೆಲ್ಲ ಮೇನ್ ಥ್ರೆಡ್‌ನಲ್ಲೇ, ಅಂದರೆ ಆಪ್‌ನ ಮುಖ್ಯ ಕೆಲಸದ ಎಳೆಯಲ್ಲೇ ಆಗಬೇಕು. ಬೇರೆ ಕಡೆ ತಪ್ಪು ಥ್ರೆಡ್‌ನಿಂದ ಲೇಬಲ್ ಬದಲಿಸಿದರೆ ಅದೃಷ್ಟ ಇದ್ದಷ್ಟು ದಿನ ನಡೆದು ಆಮೇಲೆ ಯಾವಾಗಲೋ ಬೀಳುತ್ತದೆ, ಮ್ಯಾಕ್‌ನಲ್ಲಿ ಎಷ್ಟೋ ಸಲ ಅಲ್ಲೇ ಕ್ರ್ಯಾಶ್ ಆಗುತ್ತದೆ. ಅಲ್ಲೇ ಬಿದ್ದರೆ ಒಳ್ಳೆಯದು ಅಂತಲೇ ನಾನು ಹೇಳುತ್ತೇನೆ. ಕೊನೆಯ ವಿಂಡೋ ಮುಚ್ಚಿದರೂ ಮ್ಯಾಕ್‌ನಲ್ಲಿ ಆಪ್ ಜೀವಂತ ಇರುವುದು, ಕಂಟ್ರೋಲ್ ಜಾಗದಲ್ಲಿ ಕಮಾಂಡ್ ಕೀ ಬರುವುದು ಇವೆಲ್ಲ ಸಮಸ್ಯೆಗಳೇ ಅಲ್ಲ. ಅಲ್ಲಿನವರ ರೂಢಿ ಅದು, ಆಪ್ ಅದಕ್ಕೆ ಹೊಂದಿಕೊಳ್ಳಬೇಕು.

ಇದನ್ನೆಲ್ಲ ಹೇಳಿದಾಗ ಕೆಲವರು, ಓಎಸ್‌ನ ಬಟನ್ ಯಾಕೆ ಬೇಕು, ಎಲ್ಲವನ್ನೂ ಟೂಲ್‌ಕಿಟ್ಟೇ ಚಿತ್ರದ ಹಾಗೆ ಪರದೆಯ ಮೇಲೆ ಬಿಡಿಸಿಕೊಂಡರೆ ಎಲ್ಲಾ ಕಡೆ ಒಂದೇ ಥರ ಇರುತ್ತದಲ್ಲ ಅನ್ನುತ್ತಾರೆ. ಈ ವಾದ ನನಗೆ ಒಪ್ಪಿಗೆ ಇಲ್ಲ. ಬಿಡಿಸಿದ ಬಟನ್ ಕಣ್ಣಿಗೆ ಒಂದೇ ಥರ ಕಾಣಬಹುದು, ಆದರೆ ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗೆ ಅದು ಬಟನ್ ಅಂತ ಹೇಳುವವರು ಯಾರು? ಅದನ್ನು ಹೇಳುವ ದಾರಿ ವಿಂಡೋಸ್‌ನಲ್ಲಿ ಯುಐ ಆಟೊಮೇಶನ್, ಲಿನಕ್ಸ್‌ನಲ್ಲಿ ಎಟಿ-ಎಸ್‌ಪಿಐ, ಮ್ಯಾಕ್‌ನಲ್ಲಿ ಅದರದೇ ಇನ್ನೊಂದು. ಮೂರಕ್ಕೂ ಬೇರೆ ಬೇರೆ ಕೋಡ್ ಬರೆಯಬೇಕು. ಒಂದು ಕಡೆ ಬಿಟ್ಟರೂ ಕಣ್ಣು ಕಾಣದವರಿಗೆ ಆ ಓಎಸ್‌ನಲ್ಲಿ ನಿಮ್ಮ ಆಪ್ ಖಾಲಿ ಚೌಕ. ನೇರ ಕೀಲಿಮಣೆಯಲ್ಲಿ ಸಿಗದ ಅಕ್ಷರಗಳನ್ನು ಟೈಪ್ ಮಾಡಿಸುವ ಇನ್‌ಪುಟ್ ಮೆಥಡ್ ಕಥೆಯೂ ಹೀಗೇ. ಇಂಥ ಕೊರತೆಗಳು ಎಷ್ಟೋ ಪಟ್ಟಿಗಳಲ್ಲಿ ಕೊನೆಯಲ್ಲಿ, ಸಣ್ಣ ವಿಷಯ ಅನ್ನುವ ಹಾಗೆ ಇರುತ್ತವೆ. ಬಟನ್ನಿನ ನೆರಳು ಒಂದು ಪಿಕ್ಸೆಲ್ ಜರುಗಿದ್ದು ಮೇಲೆ, ಒಬ್ಬರಿಗೆ ಆಪ್ ಬಳಸಲಿಕ್ಕೇ ಆಗದ್ದು ಕೆಳಗೆ. ಇದು ಸರಿಯಲ್ಲ.

ಹಾಗಾಗಿ ಟೂಲ್‌ಕಿಟ್ ನೋಡಿಕೊಳ್ಳುವವರಲ್ಲಿ ನನ್ನ ಕೋರಿಕೆ ಇಷ್ಟೇ. ಪ್ರತಿ ಸಮಸ್ಯೆಯ ಕೆಳಗೆ ಕಾರಣ ಬರೆಯಿರಿ. ನಮ್ಮ ಬಗ್, ಓಎಸ್‌ನ ಬಗ್, ಅಥವಾ ಓಎಸ್ ಬೇಕಂತಲೇ ಬಿಡದ್ದು, ಈ ಮೂರರಲ್ಲಿ ಯಾವುದು ಅಂತ ಹೇಳಿ. ಯಾವ ಆವೃತ್ತಿಯಲ್ಲಿ ನೋಡಿದ್ದು ಅಂತಲೂ ಹಾಕಿ, ಸರಿಹೋಗಿ ಎಷ್ಟೋ ಕಾಲವಾದ ತೊಂದರೆಯೂ ಪಟ್ಟಿಯಲ್ಲಿ ಹಾಗೇ ಉಳಿದಿರುತ್ತದೆ. ಬಗ್ ವರದಿ ಮಾಡುವವರೂ ‘ಲಿನಕ್ಸ್‌ನಲ್ಲಿ ಹಾಳಾಗಿದೆ’ ಅಂತ ಬರೆದು ಹೋಗಬೇಡಿ. ವೇಲ್ಯಾಂಡೋ ಎಕ್ಸ್11ಓ, ಯಾವ ಡೆಸ್ಕ್‌ಟಾಪ್, ಸ್ಕೇಲ್ ಎಷ್ಟು, ಎರಡು ಮಾನಿಟರ್ ಇದ್ದರೆ ಎರಡರ ಸ್ಕೇಲೂ ಬೇರೆಯಾ, ಇಷ್ಟು ಬರೆದರೆ ಆ ಕಡೆ ಕೂತವರಿಗೆ ಅರ್ಧ ಕೆಲಸ ಉಳಿಯುತ್ತದೆ.